ಹಳೆಯ ರೂಪದ ಗಾಡಿಯನ್ನು ಕೊಳ್ಳುವವರಿಗೆ

ಇಪ್ಪತ್ತನೆಯ ಶತಮಾನವು ಮುಗಿದು ಹೊಸ ಶತಮಾನವು ಕಣ್ದೆರೆಯುತ್ತಿದ್ದ ಸಂಧಿಕಾಲದಲ್ಲಿ, ಮುಂಬರುವ ಯುಗದ ವಾಹನವು ಯಾವ ರೂಪವನ್ನು ತಾಳೀತೆಂದು ಲೋಕವೆಲ್ಲ ಊಹಿಸುತ್ತಿದ್ದ ಹೊತ್ತಿನಲ್ಲಿಯೇ, ದೊಡ್ಡ ದೊಡ್ಡ ಮೋಟಾರು ಕಾರ್ಖಾನೆಗಳು ಹಿಂದಿರುಗಿ ನೋಡಿ, ಅರ್ಧ ಶತಮಾನದ ಹಿಂದೆ ರಸ್ತೆಗಳಲ್ಲಿ ಓಡಾಡಿ ಮರೆಯಾಗಿದ್ದ ಗಾಡಿಗಳ ಆಕೃತಿಯನ್ನು ಹೊಸ ಯಂತ್ರಗಳಿಗೆ ತೊಡಿಸತೊಡಗಿದವು. 1998ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಬೀಟಲನ್ನು ಹೊಸ ಜನ್ಮದಲ್ಲಿ ಅಮೆರಿಕದ ಪೇಟೆಗೆ ತಂದಿತು. 2000ದಲ್ಲಿ ಕ್ರೈಸ್ಲರ್ ಸಂಸ್ಥೆಯ ಪಿ.ಟಿ. ಕ್ರೂಸರ್ ಬಂದಿತು, ಮರುವರ್ಷ ಬಿ.ಎಂ.ಡಬ್ಲ್ಯು. ಸಂಸ್ಥೆಯ ಮಿನಿ, ಅದರ ಬೆನ್ನಿಗೇ ಫೋರ್ಡಿನ ಥಂಡರ್‌ಬರ್ಡ್. ಜಪಾನಿನ ನಿಸ್ಸಾನ್ ಸಂಸ್ಥೆಯು ಇವರೆಲ್ಲರಿಗಿಂತ ಒಂದು ದಶಕ ಮೊದಲೇ, ಬಿ-1, ಪಾವೊ, ಫಿಗಾರೊ ಎಂಬ ಪುಟ್ಟ ಗಾಡಿಗಳಲ್ಲಿ ಈ ಹಾದಿಯನ್ನು ತುಳಿದಿತ್ತು. ಈ ಪಂಕ್ತಿಯ ಕಡೆಯ ಭಾಗದಲ್ಲಿ ಕಾಣಿಸಿಕೊಂಡು, ಆರೇಳು ವರ್ಷ ಬಾಳಿ, ಇಂದು ಅಮೆರಿಕದ ಹಳೆಯ ಕಾರುಗಳ ಅಂಗಳಗಳಲ್ಲಿ ಅಗ್ಗದ ಬೆಲೆಗೆ ನಿಂತಿರುವ ಒಂದು ಸಣ್ಣ ವ್ಯಾಗನ್ನಿನ ವಿಚಾರವಾಗಿ ಇಲ್ಲಿ ಒಂದಿಷ್ಟು ವಿವೇಚನೆ ಮಾಡಬೇಕೆಂದು ನನ್ನ ಅಪೇಕ್ಷೆ. ಅದರ ಹೆಸರು ಷೆವರ್ಲೆ ಎಚ್‌ಎಚ್‌ಆರ್.

ಭಾರತಕ್ಕೆ ಎಂದೂ ಬಾರದೆ ಹೋದ ಗಾಡಿಯ ಗುಣದೋಷಗಳನ್ನು ಕನ್ನಡದ ಪತ್ರಿಕೆಯಲ್ಲಿ ಚರ್ಚಿಸುವುದಕ್ಕೆ ಎರಡು ಕಾರಣಗಳಿವೆ. ಉನ್ನತ ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಆ ದೇಶಕ್ಕೆ ಹೋಗುವ ನಮ್ಮ ಮಕ್ಕಳು, ಬಸ್ಸು ರೈಲುಗಳ ಸೌಕರ್ಯ ಅಷ್ಟಾಗಿ ಇಲ್ಲದ ಊರುಗಳಲ್ಲಿ ನೆಲೆಸಬೇಕಾಗಿ ಬಂದು, ಮೊದಲ ಕೆಲವು ತಿಂಗಳುಗಳಲ್ಲಿಯೇ ಒಂದು ಹಳೆಯ ಕಾರನ್ನು ಅರಸಿ ಹೊರಡುತ್ತಾರೆ. ಕೈಯಲ್ಲಿ ಹಣ ಕಡಮೆ, ಯಂತ್ರಗಳ ಅನುಭವ ಅದಕ್ಕಿಂತಲೂ ಕಡಮೆ. ಅಂಥವರ ಕಣ್ಣಿಗೆ ಹತ್ತು ಗಾಡಿಗಳ ನಡುವೆ ಒಂದು ಗಾಡಿಯು ತನ್ನ ಅಪೂರ್ವವಾದ ಆಕೃತಿಯಿಂದ ಬೇಗನೆ ಬೀಳುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು, ಹಳೆಯ ಆಕೃತಿಯ ವ್ಯಾಪಾರವು ಈಗ ನಮ್ಮಲ್ಲಿಯೂ ನಡೆಯುತ್ತಿದೆ ಎಂಬುದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೂರೂವರೆ ದಶಕಗಳ ಕಾಲ ತಯಾರಾಗಿ, 1996ರಲ್ಲಿ ಆ ಕಾರ್ಖಾನೆಯ ಬಾಗಿಲೊಡನೆಯೇ ಇತಿಹಾಸಕ್ಕೆ ಸೇರಿದ ಮೋಟಾರು ಸೈಕಲ್ಲಿನ ರೂಪವು, 2018ರಲ್ಲಿ ಬೇರೆ ಒಡೆತನದಲ್ಲಿ, ಬೇರೆ ಊರಿನ ಕಾರ್ಖಾನೆಯಲ್ಲಿ, ಬೇರೆಯದೇ ಜಾತಿಯ ಎಂಜಿನ್ನನ್ನು ಒಡಲಲ್ಲಿಟ್ಟುಕೊಂಡು ಮರಳಿ ಬಂದಾಗ, ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಉಂಟಾದ ಸಂಭ್ರಮವನ್ನು ನೋಡಿದವರಿಗೆ, ಆಕೃತಿಯ ಸ್ಮರಣೆಗೆ ಮನುಷ್ಯನ ಮನಸ್ಸಿನ ಮೇಲೆ ಎಷ್ಟು ಅಧಿಕಾರವಿದೆಯೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ. ರೂಪದ ಸೊಗಸಿಗೆ ಹಣ ಕೊಡುವುದು ತಪ್ಪಲ್ಲ. ಕಣ್ಣಿಗೆ ಹಿತವಾದುದನ್ನು ಬಯಸುವುದು ಮನುಷ್ಯಸಹಜವಾದ, ಗೌರವಾರ್ಹವಾದ ಅಭಿಲಾಷೆ. ಆದರೆ ಆ ಸೊಗಸಿನ ಬೆಲೆಯನ್ನು ಉಪಯೋಗದ ಬೆಲೆಯೊಡನೆ ಬೆರಸದೆ ಪ್ರತ್ಯೇಕವಾಗಿ ಎಣಿಸತಕ್ಕದ್ದು; ಪೂರ್ವಕಾಲದ ಗಾಡಿಯ ಕೀರ್ತಿಯನ್ನು ಅದರ ರೂಪ ಧರಿಸಿದ ಹೊಸ ಗಾಡಿಯ ಗುಣವೆಂದು ಎಂದಿಗೂ ಭಾವಿಸತಕ್ಕದ್ದಲ್ಲ.

ಎಚ್‌ಎಚ್‌ಆರ್ ಗಾಡಿಯು 2005ರ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅದೇ ವರ್ಷ 2006ರ ಮಾದರಿಯೆಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು, 2011ರವರೆಗೆ ಮೆಕ್ಸಿಕೋ ದೇಶದ ರಾಮೋಸ್ ಅರಿಸ್ಪೆ ಎಂಬಲ್ಲಿ ತಯಾರಾಯಿತು. ಆ ಮೂರಕ್ಷರಗಳು ಪರಂಪರೆಯನ್ನೂ ಎತ್ತರದ ಮಾಡನ್ನೂ ಸೂಚಿಸುವ ಮೂರು ಇಂಗ್ಲಿಷ್ ಪದಗಳ ಸಂಕ್ಷೇಪ. ಇದರ ಹೊರಮೈಯ ಕಲ್ಪನೆಯಲ್ಲಿ ಪ್ರಧಾನ ಪಾತ್ರ ವಹಿಸಿದ ಬ್ರಯಾನ್ ನೆಸ್ಬಿಟ್ ಎಂಬ ವಿನ್ಯಾಸಕಾರನೇ ಐದು ವರ್ಷಗಳ ಹಿಂದೆ ಪ್ರತಿಸ್ಪರ್ಧಿ ಸಂಸ್ಥೆಯಾದ ಕ್ರೈಸ್ಲರಿನಲ್ಲಿದ್ದು ಪಿ.ಟಿ. ಕ್ರೂಸರಿಗೆ ರೂಪ ಕೊಟ್ಟವನು. ಕ್ರೂಸರಿನ ಯೋಜನೆಯ ಕಾಲದಲ್ಲಿ ಕ್ರೈಸ್ಲರಿನ ಹಿರಿಯ ಅಧಿಕಾರಿಯಾಗಿದ್ದ ಬಾಬ್ ಲುಟ್ಜ್ 2001ರಲ್ಲಿ ಷೆವರ್ಲೆಯ ಒಡೆತನದ ಸಂಸ್ಥೆಯಾದ ಜನರಲ್ ಮೋಟಾರ್ಸಿಗೆ ಬಂದ. ನೆಸ್ಬಿಟ್ ಕೂಡ ಅದೇ ವರ್ಷ ಅಲ್ಲಿಗೆ ಸೇರಿದ. ಹೀಗಾಗಿ ಈ ಎರಡು ಗಾಡಿಗಳು ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದರೂ ಒಂದೇ ರಕ್ತದವು. ಒಂದನ್ನು ಕೊಳ್ಳಹೊರಟವನು ಇನ್ನೊಂದನ್ನೂ ನೋಡದೆ ಇರುವುದಿಲ್ಲ.

ಎಚ್‌ಎಚ್‌ಆರ್‌ಗೆ ಮಾದರಿಯಾದದ್ದು 1940ರ ದಶಕದ ಕೊನೆಯ ಷೆವರ್ಲೆ ಸಬರ್ಬನ್. ಮುಖ್ಯವಾಗಿ 1949ರದೆಂದು ಸಂಸ್ಥೆಯೇ ಹೇಳಿಕೊಂಡಿದೆ. ಸಬರ್ಬನ್ ಎಂಬ ಹೆಸರು 1935ರಷ್ಟು ಹಿಂದಿನದು. ಟ್ರಕ್ಕಿನ ಅಡಿಗಟ್ಟಿನ ಮೇಲೆ ಉಕ್ಕಿನ ಮುಚ್ಚಳದಂತಹ ಮೈಯನ್ನು ಕಟ್ಟಿ, ಆಸನಗಳನ್ನಿಟ್ಟರೆ ಎಂಟು ಜನ ಕೂರುವಂತೆಯೂ, ತೆಗೆದರೆ ಸಾಮಾನು ತುಂಬುವಂತೆಯೂ ಮಾಡಿದ ಶ್ರಮಜೀವಿಗಳ ಗಾಡಿ ಅದು. ಅದರ ಮಾಡು ಎತ್ತರವಾಗಿದ್ದದ್ದು ಹೊರೆಗಾಗಿ. ಮೂತಿ ಉದ್ದವಾಗಿದ್ದದ್ದು ಒಳಗಿದ್ದ ಆರು ಸಿಲಿಂಡರಿನ ಎಂಜಿನ್ನಿಗಾಗಿ. ಚಕ್ರಗಳ ಮೇಲಿನ ರೆಕ್ಕೆಗಳು ಉಬ್ಬಿ ಹೊರಬಂದದ್ದು ಅಂದಿನ ಕಾರ್ಖಾನೆಯ ಅಚ್ಚುಗಳ ಪದ್ಧತಿಗನುಸಾರವಾಗಿ. ಅಂದರೆ ಆ ಗಾಡಿಯ ಪ್ರತಿಯೊಂದು ರೇಖೆಗೂ ಒಂದೊಂದು ಕಾರಣವಿತ್ತು, ಮತ್ತು ಅದರ ಚೆಲುವು ಆ ಕಾರಣಗಳಿಂದ ತಾನಾಗಿ ಹುಟ್ಟಿದ ಚೆಲುವಾಗಿತ್ತು. ಸುಮಾರು ಅರವತ್ತು ವರ್ಷಗಳ ತರುವಾಯ ಬಂದ ಗಾಡಿಯಲ್ಲಿ ಎಂಜಿನ್ನು ನಾಲ್ಕು ಸಿಲಿಂಡರಿನದು, ಅಡ್ಡಲಾಗಿ ಕುಳಿತದ್ದು, ಮುಂದಿನ ಚಕ್ರಗಳನ್ನು ತಿರುಗಿಸತಕ್ಕದ್ದು. ಅಡಿಗಟ್ಟು ಟ್ರಕ್ಕಿನದಲ್ಲ, ಕೋಬಾಲ್ಟ್ ಎಂಬ ಸಾಧಾರಣ ಸಣ್ಣ ಕಾರಿನದು. ರೆಕ್ಕೆಗಳ ಉಬ್ಬಿಗಾಗಲಿ ಮೂತಿಯ ಗಾಂಭೀರ್ಯಕ್ಕಾಗಲಿ ಈಗ ಯಾಂತ್ರಿಕವಾದ ಕಾರಣವಾವುದೂ ಇಲ್ಲ. ಕಾರಣವಳಿದ ಮೇಲೆಯೂ ಉಳಿದ ರೂಪಕ್ಕೆ ಅಲಂಕಾರವೆಂದು ಹೆಸರು.

ಇಷ್ಟರಿಂದಲೇ ಗಾಡಿಯನ್ನು ನಿರಾಕರಿಸುವುದು ನ್ಯಾಯವಲ್ಲ. ಮಾಡಿನ ಎತ್ತರವೊಂದರ ಮಟ್ಟಿಗಾದರೂ ಹಳೆಯ ಕಾರಣವು ಇನ್ನೂ ಜೀವಂತವಾಗಿದೆ. ಗಾಡಿಯ ಉದ್ದ ನಾಲ್ಕೂವರೆ ಮೀಟರಿಗೂ ತುಸು ಕಡಮೆ. ಆ ಮಿತಿಯಲ್ಲಿ ಇದು ಒಳಗೊಳ್ಳುವ ಸಾಮಾನಿನ ಪ್ರಮಾಣವನ್ನು ಕಂಡು ಯಾರಿಗಾದರೂ ಸಂತೋಷವಾಗಬೇಕು. ಎತ್ತರದ ಮಾಡಿನ ಅನುಕೂಲವನ್ನು ನಮ್ಮವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. 1999ರ ಕೊನೆಯಲ್ಲಿ ಮಾರುತಿಯ ವ್ಯಾಗನ್‌ಆರ್ ಬಂದಾಗ ಅದರ ಡಬ್ಬಿಯಂತಹ ಆಕಾರವನ್ನು ಕಂಡು ಮೂಗು ಮುರಿದವರೇ, ಸೀರೆಯುಟ್ಟ ಹಿರಿಯರು ಬಗ್ಗದೆ ಬಾಗದೆ ಒಳಗೆ ಹೋಗಿ ಕೂರುವುದನ್ನು ನೋಡಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು. ಆ ಸುಮಾರಿನ ವರ್ಷಗಳಲ್ಲಿ ಬಾಲಂಗೋಸಿಯಂತೆ ಹಿಂಭಾಗವನ್ನು ನೀಡಿಕೊಂಡ ಅಸಲಿ ವ್ಯಾಗನ್ನುಗಳನ್ನು, ಬಲೆನೋ ಆಲ್ಟೂರವನ್ನೂ ಇಂಡಿಗೋ ಮರೀನಾವನ್ನೂ ನಮ್ಮ ಪೇಟೆಯು ಒಪ್ಪಲಿಲ್ಲ. ಉಪಯುಕ್ತವಾದ ಆ ಜಾತಿಯ ಗಾಡಿಗೆ ನಮ್ಮಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಬಹುದಿನದ ಕೊರಗು.

ಮಿಷಿಗನ್ ಪ್ರಾಂತದಲ್ಲಿರುವ ಬಂಧುಗಳೊಬ್ಬರ ಮನೆಯಲ್ಲಿ ಈ ಗಾಡಿಯನ್ನು ಸಾವಧಾನವಾಗಿ ನೋಡುವ ಅವಕಾಶ ನನಗೆ ದೊರೆಯಿತು. ಹಿಂಬಾಗಿಲನ್ನು ಮೇಲೆತ್ತಿ, ಹಿಂದಿನ ಆಸನಗಳ ಬೆನ್ನನ್ನು ಮುಂದಕ್ಕೆ ಮಡಿಸಿದರೆ, ಬಟ್ಟೆಯ ಹೊದಿಕೆಯಿಲ್ಲದ, ಗಟ್ಟಿಯಾದ ಪ್ಲಾಸ್ಟಿಕ್ಕಿನ ಹಲಗೆಗಳು ಒಂದಕ್ಕೊಂದು ಕೂಡಿ ಸಮತಲವಾದ ನೆಲವಾಗುತ್ತವೆ. ಮಣ್ಣಿನ ಕುಂಡವನ್ನಿಟ್ಟರೂ ಒದ್ದೆಯಾದ ಸಾಮಾನನ್ನಿಟ್ಟರೂ ಆಮೇಲೆ ಒಂದು ಬಟ್ಟೆಯಿಂದ ಒರಸಿದರೆ ಮುಗಿಯಿತು. ಚಾಲಕನ ಪಕ್ಕದ ಆಸನದ ಬೆನ್ನೂ ಹಾಗೆಯೇ ಮುಂದಕ್ಕೆ ಮಡಿಯುವುದರಿಂದ, ಏಣಿಯೋ ಉದ್ದನೆಯ ಹಲಗೆಯೋ ಸುತ್ತಿದ ಜಮಖಾನವೋ ಹಿಂಬಾಗಿಲಿನಿಂದ ಮುಂದಿನ ಗಾಜಿನ ಬುಡದವರೆಗೆ ಚಾಚಿಕೊಂಡು ಮಲಗಬಹುದು. ಸಾಮಾನಿನ ಕೋಣೆಯ ತಳದ ಹಲಗೆಯನ್ನು ಎತ್ತಿ ಎರಡು ಬೇರೆ ಬೇರೆ ಎತ್ತರಗಳಲ್ಲಿ ಕೂರಿಸುವ ಏರ್ಪಾಟು ಉಂಟು. ಅದರ ಕೆಳಗೆ ಬೆಲೆಬಾಳುವ ವಸ್ತುಗಳನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಇಡಬಹುದು. ಎಲ್ಲ ಆಸನಗಳನ್ನೂ ಮಡಿಸಿದಾಗ ಒಂದೂವರೆ ಘನಮೀಟರಿಗೂ ಮಿಕ್ಕ ಸ್ಥಳ ದೊರೆಯುತ್ತದೆ. ಮನೆಯಿಂದ ಮನೆಗೆ ಆಗಾಗ ಬಿಡಾರ ಬದಲಿಸುವ ವಿದ್ಯಾರ್ಥಿಗೆ, ವಾರದ ಸಂತೆಯಲ್ಲಿ ವ್ಯಾಪಾರ ಮಾಡುವವನಿಗೆ, ತಬಲ ಮೃದಂಗಗಳನ್ನು ಹೊತ್ತು ಊರಿಂದೂರಿಗೆ ಹೋಗುವ ಕಲಾವಿದನಿಗೆ ಇದಕ್ಕಿಂತ ಮಿಗಿಲಾದ ಅನುಕೂಲವನ್ನು ಆ ಬೆಲೆಯಲ್ಲಿ ಒದಗಿಸುವ ಗಾಡಿಗಳು ಹೆಚ್ಚಾಗಿಲ್ಲ. ಈ ಭಾಗದಲ್ಲಿ ಹೊಸ ಗಾಡಿಯು ಹಳೆಯದರ ನಿಜವಾದ ಉತ್ತರಾಧಿಕಾರಿಯೆಂದು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ಚಾಲಕನ ಆಸನದಲ್ಲಿ ಕುಳಿತ ಕೂಡಲೇ ಅಭಿಪ್ರಾಯವು ಬದಲಾಗುತ್ತದೆ. ಬಾಗಿಲುಗಳ ಉಕ್ಕು ಭುಜದವರೆಗೆ ಏರಿ ಬಂದಿದೆ; ಮಾಡಿನ ಅಂಚು ಹಣೆಯ ಮುಂದೆ ಇಳಿದು ಬಂದಿದೆ; ನಡುವೆ ಉಳಿದ ಗಾಜು ಕೋಟೆಯ ಗೋಡೆಯಲ್ಲಿ ಬಿಟ್ಟ ಕಂಡಿಯಂತೆ ಕಿರಿದಾಗಿದೆ. ನಾಲ್ಕು ದಾರಿ ಕೂಡುವಲ್ಲಿ ಗೆರೆಯ ಹತ್ತಿರ ಗಾಡಿಯನ್ನು ನಿಲ್ಲಿಸಿದರೆ, ಮೇಲೆ ತೂಗುವ ಸಂಕೇತದೀಪವು ಮಾಡಿನ ಅಂಚಿನ ಹಿಂದೆ ಮರೆಯಾಗುವುದರಿಂದ, ಎತ್ತರದ ಆಳು ಸ್ಟಿಯರಿಂಗ್ ಚಕ್ರದ ಮೇಲೆ ಬಾಗಿ ಕತ್ತನ್ನು ಮೇಲೆತ್ತಿ ಹಸಿರು ಬಂದಿತೇ ಎಂದು ನೋಡಬೇಕಾಗುತ್ತದೆ. ಪಕ್ಕದ ಸಾಲಿಗೆ ಸರಿಯುವಾಗ ತಲೆ ತಿರುಗಿಸಿದರೆ ಕಾಣುವುದು ರಸ್ತೆಯಲ್ಲ, ದಪ್ಪನೆಯ ಹಿಂಗಂಬ. ಆ ಕಂಬದ ಮರೆಯಲ್ಲಿ ಒಂದು ಮೋಟಾರು ಸೈಕಲ್ಲು ಪೂರ್ತಿಯಾಗಿ ಅಡಗಬಹುದು. ಹಿಂದಕ್ಕೆ ಬರುವಾಗ ಹಿಂಬಾಗಿಲಿನ ಗಾಜಿನಿಂದ ದೂರದ ಮರಗಳು ಕಾಣುತ್ತವೆಯೇ ಹೊರತು ಸಮೀಪದಲ್ಲಿ ಆಡುತ್ತಿರುವ ಮಗು ಕಾಣುವುದಿಲ್ಲ. ಕಿಟಕಿಯನ್ನು ಇಳಿಸುವ ಗುಂಡಿಗಳು ಬಾಗಿಲಿನ ಮೇಲಿರದೆ ಎರಡು ಆಸನಗಳ ನಡುವಣ ಕಟ್ಟೆಯಲ್ಲಿವೆ. ಸುಂಕದ ಕಟ್ಟೆಯಲ್ಲಿ ಹಣ ಕೊಡಬೇಕಾದಾಗ ಕೈಯು ಬಾಗಿಲನ್ನು ತಡಕಿ ತಡಕಿ ಬರಿದಾಗಿ ಹಿಂದಿರುಗುತ್ತದೆ. ಇದಕ್ಕಾದರೆ ಕೆಲವು ವಾರಗಳಲ್ಲಿ ಕೈ ಒಗ್ಗೀತು. ಕಾಣದಿರುವ ರಸ್ತೆಗೆ ಕಣ್ಣು ಎಂದಿಗೂ ಒಗ್ಗಲಾರದು.

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ನೆನೆಯಬೇಕು. ಈ ಕಿರುಗಿಟಕಿಯನ್ನು ಪೂರ್ವಜರಿಂದ ಬಂದ ಸಂಪ್ರದಾಯವೆಂದು ಹೇಳಿ ಸಮರ್ಥಿಸುವವರು ಉಂಟು. ಆದರೆ 1947ರಲ್ಲಿ ಹೊರಬಂದ ಆ ಪೀಳಿಗೆಯ ಷೆವರ್ಲೆ ಟ್ರಕ್ಕುಗಳ ವಿಷಯದಲ್ಲಿ ಸಂಸ್ಥೆಯು ಹೆಮ್ಮೆಪಟ್ಟು ಸಾರಿದ ಗುಣಗಳಲ್ಲಿ ಚಾಲಕನ ನೋಟದ ವೈಶಾಲ್ಯವೂ ಒಂದಾಗಿತ್ತು. ಹೆಚ್ಚಿನ ಬೆಲೆಯ ಟ್ರಕ್ಕುಗಳಲ್ಲಿ ಚಾಲಕನ ಹಿಂದಿನ ಎರಡು ಮೂಲೆಗಳಿಗೂ ಬಾಗಿದ ಗಾಜನ್ನು ಕೂರಿಸಿದ್ದರು. ಕುಳಿತವನಿಗೆ ಗಾಳಿ ಬೆಳಕುಗಳು ಧಾರಾಳವಾಗಿ ದೊರೆಯುತ್ತವೆಂಬುದೇ ಆ ಕಾಲದ ಜಾಹೀರಾತಿನ ಪಲ್ಲವಿಯಾಗಿತ್ತು. ಹಾಗಾದರೆ ಈ ತಗ್ಗಿದ ಮಾಡಿನಂಚು, ಈ ಸಣ್ಣ ಗಾಜು ಎಲ್ಲಿಂದ ಬಂದವು? ಯುದ್ಧಾನಂತರದ ಕ್ಯಾಲಿಫೋರ್ನಿಯದಲ್ಲಿ ಉತ್ಸಾಹಿ ತರುಣರು ಅಗ್ಗಕ್ಕೆ ಸಿಕ್ಕ ಹಳೆಯ ಕಾರುಗಳನ್ನು ಕೊಂಡು, ಗಾಜಿನ ಮಟ್ಟದಲ್ಲಿ ಕಂಬಗಳನ್ನು ಕೊಯ್ದು, ಮಾಡನ್ನು ಕೆಳಗಿಳಿಸಿ ಬೆಸೆದು, ವೇಗದ ಸ್ಪರ್ಧೆಗೆ ಒಯ್ಯುತ್ತಿದ್ದ ಹಾಟ್ ರಾಡ್ ಪದ್ಧತಿಯಿಂದ ಬಂದವು. ಪಿ.ಟಿ. ಕ್ರೂಸರಿಗೂ ಎಚ್‌ಎಚ್‌ಆರ್‌ಗೂ ಇಂದಿನ ಕಾಲದ ಕಣ್ಣನ್ನು ಸೆಳೆಯುವ ಸೊಕ್ಕಿನ ನಿಲುವು ದೊರೆತದ್ದು ಅದರಿಂದ. ಅಂದಮೇಲೆ ಕೊಳ್ಳುವವನು ಪ್ರೀತಿಸುತ್ತಿರುವುದು ದುಡಿಮೆಯ ಸಬರ್ಬನ್ನನ್ನಲ್ಲ. ಯಾರೋ ತರುಣರು ತಮ್ಮ ವಿನೋದಕ್ಕೆಂದು ಮಾಡು ಕತ್ತರಿಸಿ ಮಾರ್ಪಡಿಸಿದ ಗಾಡಿಯ ನೆರಳನ್ನು. ದುಡಿಯುವ ಗಾಡಿಗೆ ವಿನೋದದ ಗಾಡಿಯ ಕಿಟಕಿಯನ್ನು ಇಟ್ಟದ್ದು ಈ ವಿನ್ಯಾಸದ ಮೂಲಭೂತವಾದ ದೋಷವೆಂದು ನನ್ನ ದೃಢವಾದ ಅಭಿಪ್ರಾಯ.

ಓಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. 2.2 ಲೀಟರಿನ ಎಂಜಿನ್ನು ಸುಮಾರು 143 ಅಶ್ವಶಕ್ತಿಯದು, 2.4 ಲೀಟರಿನದು ಸುಮಾರು 172. ಗಾಡಿಯ ತೂಕ 1400 ಕಿಲೋಗ್ರಾಮಿಗೂ ಮಿಕ್ಕುದಾದ್ದರಿಂದ, ಹೊರೆ ತುಂಬಿ ಹೆದ್ದಾರಿಯನ್ನು ಸೇರುವವನಿಗೆ ಎರಡನೆಯದೇ ಲೇಸು. ಸ್ವಯಂಚಾಲಿತ ಗೇರುಗಳು ನಾಲ್ಕೇ. ಕೈಯಿಂದ ಬದಲಿಸತಕ್ಕವು ಐದು. ಅಮೆರಿಕದ ಸರ್ಕಾರಿ ಅಂದಾಜಿನಂತೆ ಚಿಕ್ಕ ಎಂಜಿನ್ನಿನ ಗಾಡಿಯು ಲೀಟರಿಗೆ ಪಟ್ಟಣದಲ್ಲಿ ಸುಮಾರು ಒಂಬತ್ತು, ಹೆದ್ದಾರಿಯಲ್ಲಿ ಸುಮಾರು ಹದಿಮೂರು ಕಿಲೋಮೀಟರು ಓಡುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ಇದು ದುಂದು, ಆ ದೇಶದ ಲೆಕ್ಕದಲ್ಲಿ ಮಧ್ಯಮ. 2008ರ ಮಾದರಿಯಾಗಿ ಬಂದ ಎಸ್‌ಎಸ್ ಎಂಬ ಪ್ರಭೇದವು ಟರ್ಬೊ ಸಹಾಯದಿಂದ 260 ಅಶ್ವಶಕ್ತಿಯನ್ನು ಪಡೆದಿತ್ತು. ಅದು ಬೇರೆ ಅಭಿರುಚಿಯವರ ಗಾಡಿ, ಅದರ ಪ್ರಸ್ತಾಪ ಇಲ್ಲಿ ಅನಾವಶ್ಯಕ. ಎಂಜಿನ್ನು, ಗೇರು, ಬ್ರೇಕುಗಳು ಲಕ್ಷಗಟ್ಟಲೆ ಮಾರಾಟವಾದ ಕೋಬಾಲ್ಟಿನೊಡನೆ ಹಂಚಿಕೊಂಡವಾದ್ದರಿಂದ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ, ಯಾವ ಊರಿನ ಮೆಕ್ಯಾನಿಕ್ಕನಿಗೂ ಅವುಗಳ ಪರಿಚಯವುಂಟು. ಹೊರಮೈಯ ಭಾಗಗಳ ಮಾತು ಬೇರೆ. ಆ ಉಬ್ಬಿದ ರೆಕ್ಕೆ, ಆ ಮೂತಿ, ಆ ದೀಪಗಳು ಈ ಗಾಡಿಯೊಂದಕ್ಕೇ ವಿಶಿಷ್ಟವಾದವು. ಅಪಘಾತದಲ್ಲಿ ಅವು ಜಖಂಗೊಂಡರೆ ರೂಪದ ನಿಜವಾದ ಬೆಲೆಯು ಆಗ ತಿಳಿಯುತ್ತದೆ.

ಪಿ.ಟಿ. ಕ್ರೂಸರನ್ನು ಪಕ್ಕದಲ್ಲಿಟ್ಟು ತೂಗುವವರಿಗೆ ಎರಡು ಮಾತು. ಮೆಕ್ಸಿಕೋದ ಟೊಲುಕಾದಲ್ಲಿ ತಯಾರಾದ ಆ ಗಾಡಿಯು 2001ರ ಉತ್ತರ ಅಮೆರಿಕದ ವರ್ಷದ ಕಾರೆಂಬ ಪ್ರಶಸ್ತಿಯನ್ನು ಪಡೆದಿತ್ತು. ಮೊದಲ ವರ್ಷ ಜನರು ಸರದಿಯಲ್ಲಿ ಕಾದು, ನಿಗದಿಯಾದ ಬೆಲೆಗಿಂತ ಹೆಚ್ಚು ತೆತ್ತು ಕೊಂಡರು. ಹತ್ತು ವರ್ಷಗಳಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿ, 2010ರಲ್ಲಿ ಉತ್ಪಾದನೆ ನಿಂತಿತು. ಅದರ ಹಿಂದಿನ ಆಸನಗಳನ್ನು ಮಡಿಸುವುದಷ್ಟೇ ಅಲ್ಲ, ಕಳಚಿ ಮನೆಯಲ್ಲಿಟ್ಟು ಹೊರಡಬಹುದು; ನೆಲವು ಹೀಗೆ ಸಮತಲವಾಗುವುದರಿಂದಲೇ ಸರ್ಕಾರದ ಇಂಧನನಿಯಮಗಳ ಲೆಕ್ಕದಲ್ಲಿ ಅದು ಕಾರಿನ ಬದಲು ಲಘು ಟ್ರಕ್ಕೆಂದು ಪರಿಗಣಿತವಾಗಿ, ಸಂಸ್ಥೆಯ ಟ್ರಕ್ಕುಗಳ ಸರಾಸರಿಯನ್ನು ಸುಧಾರಿಸಲು ನೆರವಾಯಿತು. ಕೊಳ್ಳುವವನಿಗೆ ಅದಕ್ಕಿಂತ ಮುಖ್ಯವಾದದ್ದು ಎಂಜಿನ್ನಿನೊಳಗಿನ ರಬ್ಬರಿನ ಟೈಮಿಂಗ್ ಬೆಲ್ಟು. ಅದನ್ನು ಸುಮಾರು ಒಂದು ಲಕ್ಷ ಮೈಲಿಗೊಮ್ಮೆ ಬದಲಿಸಲೇಬೇಕು. ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಆ ಕೆಲಸಕ್ಕೆ ತಗಲುವ ಕೂಲಿಯು ಹಳೆಯ ಗಾಡಿಯ ಬೆಲೆಯ ದೊಡ್ಡ ಭಾಗವನ್ನೇ ನುಂಗಬಲ್ಲುದು. ಬದಲಿಸಿದ ರಸೀತಿಯನ್ನು ಮಾರುವವನು ತೋರಿಸದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ಬೆಲೆ ಕಟ್ಟತಕ್ಕದ್ದು. ಎಚ್‌ಎಚ್‌ಆರ್‌ನಲ್ಲಿ ಆ ಜಾಗದಲ್ಲಿ ಲೋಹದ ಸರಪಳಿಯಿದೆ; ಈ ಒಂದು ಅಂಶದಲ್ಲಿ ಅದು ನಿಸ್ಸಂದೇಹವಾಗಿ ಮೇಲು.

ಇಷ್ಟರಮಟ್ಟಿನ ಗುಣದೋಷಗಳನ್ನು ಕಣ್ಣಿದ್ದವನು ತಾನೇ ಕಂಡುಕೊಂಡಾನು. ಆದರೆ ಈ ಗಾಡಿಯ ಇತಿಹಾಸದಲ್ಲಿ ಯಾವ ಕಣ್ಣಿಗೂ ಕಾಣದ ಒಂದು ಭಾಗವುಂಟು. ಅದು ಬೀಗದ ಕೈ ಹೊಕ್ಕು ತಿರುಗುವ ಸ್ವಿಚ್ಚು. ಜನರಲ್ ಮೋಟಾರ್ಸಿನ ಹಲವು ಸಣ್ಣ ಕಾರುಗಳಲ್ಲಿ ಬಳಕೆಯಾದ ಆ ಸ್ವಿಚ್ಚಿನ ಹಿಡಿತವು ಸಂಸ್ಥೆಯೇ ಗೊತ್ತುಮಾಡಿದ ಬಲಕ್ಕಿಂತ ದುರ್ಬಲವಾಗಿತ್ತು. ಕೀಲಿಗೊಂಚಲು ಭಾರವಾಗಿದ್ದರೆ, ಅಥವಾ ಚಾಲಕನ ಮೊಣಕಾಲು ತಗಲಿದರೆ, ಅಥವಾ ಚಕ್ರವು ಹಳ್ಳಕ್ಕೆ ಬಿದ್ದು ಗಾಡಿ ಕುಲುಕಿದರೆ, ಓಡುತ್ತಿರುವಾಗಲೇ ಕೀಲಿಯು ತಾನಾಗಿ ಹಿಂದಕ್ಕೆ ಸರಿಯಬಹುದಾಗಿತ್ತು. ಸರಿದ ಕ್ಷಣವೇ ಎಂಜಿನ್ನು ನಿಲ್ಲುವುದು. ಸ್ಟಿಯರಿಂಗಿಗೂ ಬ್ರೇಕಿಗೂ ಇದ್ದ ಯಂತ್ರಸಹಾಯವು ತಪ್ಪಿ ಅವು ಕಲ್ಲಿನಂತೆ ಬಿಗಿಯುವುವು. ಎಲ್ಲಕ್ಕಿಂತ ಘೋರವಾದದ್ದು, ಏರ್‌ಬ್ಯಾಗುಗಳಿಗೆ ವಿದ್ಯುತ್ತು ಕಡಿದು, ಅವು ಯಾವ ಗಳಿಗೆಗಾಗಿ ಇವೆಯೋ ಆ ಗಳಿಗೆಯಲ್ಲಿ ಅರಳದೆ ಹೋಗುವುವು.

ಈ ದೋಷದ ಸುಳಿವು ಸಂಸ್ಥೆಯ ಎಂಜಿನಿಯರುಗಳಿಗೆ ಬಹಳ ಮೊದಲೇ ಹತ್ತಿತ್ತು. 2005ರ ಡಿಸೆಂಬರಿನಲ್ಲಿ ಮಾರಾಟಗಾರರಿಗೆ ಹೋದ ಒಂದು ಸೂಚನೆಯಲ್ಲಿ, ಗ್ರಾಹಕರು ಕೀಲಿಯ ಉಂಗುರದಿಂದ ಅನಾವಶ್ಯಕವಾದ ಭಾರವನ್ನು ತೆಗೆಯಬೇಕೆಂಬ ಉಪದೇಶವಿತ್ತು. 2006ರಲ್ಲಿ ಸ್ವಿಚ್ಚಿನ ವಿನ್ಯಾಸವನ್ನು ಬದಲಿಸಿದರೂ ಆ ಭಾಗದ ಕ್ರಮಸಂಖ್ಯೆಯನ್ನು ಬದಲಿಸಲಿಲ್ಲ. ಇದರಿಂದಾಗಿ ಹಳೆಯದು ಯಾವುದು, ಹೊಸದು ಯಾವುದು ಎಂದು ಮುಂದಿನ ಪರಿಶೋಧಕರು ವರ್ಷಗಟ್ಟಲೆ ತಿಳಿಯಲಾರದೆ ಹೋದರು. 2009ರಲ್ಲಿ ಸಂಸ್ಥೆಯೇ ದಿವಾಳಿಯಾಗಿ, ಸರ್ಕಾರದ ಹಣದಿಂದ ಮರುಜನ್ಮ ಪಡೆಯಿತು. ಕೊನೆಗೆ 2014ರ ಫೆಬ್ರವರಿಯಲ್ಲಿ ಗಾಡಿಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವ ಘೋಷಣೆಯಾಯಿತು. ಮೊದಲು 2006 ಮತ್ತು 2007ರ ಎಚ್‌ಎಚ್‌ಆರ್‌ಗಳು, ಒಂದು ತಿಂಗಳ ತರುವಾಯ 2011ರವರೆಗಿನ ಎಲ್ಲವೂ ಅದರಲ್ಲಿ ಸೇರಿದವು. ಒಟ್ಟು ಸುಮಾರು ಇಪ್ಪತ್ತಾರು ಲಕ್ಷ ಗಾಡಿಗಳು. ಆಗತಾನೆ ಮುಖ್ಯಾಧಿಕಾರಿಯ ಪದವಿಗೆ ಏರಿದ್ದ ಮೇರಿ ಬಾರಾ ಅಮೆರಿಕದ ಶಾಸನಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಸಂಸ್ಥೆಯ ಪರಿಹಾರನಿಧಿಯು 124 ಸಾವುಗಳಿಗೆ ಈ ದೋಷದ ಸಂಬಂಧವನ್ನು ಒಪ್ಪಿಕೊಂಡಿತು. 2015ರಲ್ಲಿ ಸಂಸ್ಥೆಯು 90 ಕೋಟಿ ಡಾಲರುಗಳನ್ನು ತೆತ್ತು ಕ್ರಿಮಿನಲ್ ಮೊಕದ್ದಮೆಯನ್ನು ಇತ್ಯರ್ಥ ಮಾಡಿಕೊಂಡಿತು. ಆ ಸಾವುಗಳು ಎಲ್ಲ ಮಾದರಿಗಳಿಗೂ ಸೇರಿದವು, ಈ ವ್ಯಾಗನ್ನೊಂದಕ್ಕೇ ಅಲ್ಲ. ಆದರೆ ಸ್ವಿಚ್ಚು ಅದೇ.

ಈ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ದುಃಖವೂ ಕೋಪವೂ ಒಟ್ಟಿಗೆ ಉಂಟಾಗುತ್ತವೆ. 1949ರ ಗಾಡಿಯ ರೆಕ್ಕೆಯ ವಕ್ರರೇಖೆಯನ್ನು ಪುನಃ ಸೃಷ್ಟಿಸುವುದಕ್ಕೆ ಅಷ್ಟು ಶ್ರದ್ಧೆಯನ್ನೂ ಅಷ್ಟು ಪ್ರತಿಭೆಯನ್ನೂ ವ್ಯಯಮಾಡಿದ ಅದೇ ಸಂಸ್ಥೆಗೆ, ಅಂಗೈಯಗಲದ ಸ್ವಿಚ್ಚಿನೊಳಗಿನ ಒಂದು ಸಣ್ಣ ಸ್ಪ್ರಿಂಗಿನ ಬಲವನ್ನು ವಿಚಾರಿಸುವ ವ್ಯವಧಾನವಿಲ್ಲದೆ ಹೋಯಿತು. ಪರಂಪರೆಯೆಂದರೆ ರೂಪವಷ್ಟೇ ಆಗಿದ್ದರೆ ಅದು ಬಣ್ಣದ ಕೆಲಸ. ಹಳೆಯ ಸಬರ್ಬನ್ನನ್ನು ಜನರು ಪ್ರೀತಿಸಿದ್ದು ಅದು ಹೊಲದ ದಾರಿಯಲ್ಲಿ ಕೈಕೊಡದೆ ಮನೆಗೆ ತಲಪಿಸುತ್ತಿತ್ತೆಂಬ ನಂಬಿಕೆಯಿಂದ. ಅದರ ಮೂತಿಯ ಅಂದವನ್ನು ಎರವಲು ಪಡೆದವರು ಆ ನಂಬಿಕೆಯನ್ನೂ ಉಳಿಸಿಕೊಡುವ ಹೊಣೆಯನ್ನು ಹೊರಬೇಕಾಗಿತ್ತು.

ಹಾಗಾದರೆ ಈ ಗಾಡಿಯನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಕೊಳ್ಳಬಹುದು, ಆದರೆ ಎಲ್ಲರೂ ಅಲ್ಲ, ಎಲ್ಲ ಗಾಡಿಗಳನ್ನೂ ಅಲ್ಲ. ಪದೇ ಪದೇ ಹೊರೆ ಸಾಗಿಸುವ ಅಗತ್ಯವಿದ್ದು, ದಿನದ ಓಡಾಟ ಬಹುಪಾಲು ಪರಿಚಿತ ರಸ್ತೆಗಳಲ್ಲಿಯೇ ಇರುವವರಿಗೆ ಇದು ಹಣಕ್ಕೆ ತಕ್ಕ ಗಾಡಿ. ಹೊಸದಾಗಿ ವಾಹನ ಕಲಿತವರು, ಅದರಲ್ಲಿಯೂ ರಸ್ತೆಯ ಎಡಬದಿಯಲ್ಲಿ ಓಡಿಸಿ ಅಭ್ಯಾಸವಾಗಿ ಆ ದೇಶದಲ್ಲಿ ಬಲಬದಿಗೆ ಹೊಂದಿಕೊಳ್ಳಬೇಕಾಗಿರುವ ನಮ್ಮ ವಿದ್ಯಾರ್ಥಿಗಳು, ಸುತ್ತಲಿನ ನೋಟವು ಇಷ್ಟು ಮೊಟಕಾದ ಗಾಡಿಯಿಂದ ಆರಂಭಿಸುವುದು ಯುಕ್ತವಲ್ಲವೆಂದು ನಾನು ಒತ್ತಿ ಹೇಳುತ್ತೇನೆ. ಅಂಥವರು ರೂಪದಲ್ಲಿ ನೀರಸವಾದ, ಗಾಜು ವಿಶಾಲವಾದ ಯಾವುದಾದರೊಂದು ಸಾಧಾರಣ ಗಾಡಿಯನ್ನು ಆರಿಸಿಕೊಳ್ಳಲಿ. ಮೊದಲ ವರ್ಷಗಳ ಎಚ್‌ಎಚ್‌ಆರ್‌ಗಳಲ್ಲಿ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕೂ ತಲೆಯನ್ನು ಕಾಪಾಡುವ ಪಾರ್ಶ್ವದ ಏರ್‌ಬ್ಯಾಗೂ ಎಲ್ಲದರಲ್ಲಿಯೂ ಇರಲಿಲ್ಲ, ಹೆಚ್ಚಿನ ಹಣ ಕೊಟ್ಟವರಿಗೆ ಮಾತ್ರ ದೊರೆಯುತ್ತಿದ್ದವು. ಆದಕಾರಣ ತಡವಾದ ವರ್ಷದ್ದೇ ವಾಸಿ, ಮತ್ತು ಯಾವ ವರ್ಷದ್ದಾದರೂ ಈ ಎರಡೂ ಇವೆಯೇ ಎಂದು ಕೈಯಿಟ್ಟು ನೋಡಿಯೇ ಮುಂದುವರಿಯತಕ್ಕದ್ದು. 2009 ಮತ್ತು 2010ರ ಟರ್ಬೊ ಇಲ್ಲದ ಕೆಲವು ಗಾಡಿಗಳನ್ನು ಸ್ಟಿಯರಿಂಗಿನ ವಿದ್ಯುತ್ ಸಹಾಯದ ದೋಷಕ್ಕಾಗಿಯೂ ಕರೆಸಿಕೊಂಡಿದ್ದರಾದ್ದರಿಂದ, ಅವುಗಳನ್ನು ನೋಡುವವರು ಆ ದುರಸ್ತಿಯನ್ನೂ ವಿಚಾರಿಸಬೇಕು.

ಗಾಡಿಯ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹದಿನೇಳು ಅಕ್ಷರ ಅಂಕೆಗಳ ಒಂದು ಗುರುತಿನ ಸಂಖ್ಯೆ ಕಾಣುತ್ತದೆ. ಅದನ್ನು ಬರೆದುಕೊಂಡು ಆ ದೇಶದ ರಸ್ತೆ ಸುರಕ್ಷಾ ಇಲಾಖೆಯ ದಾಖಲೆಯಲ್ಲಿ ಹುಡುಕಿದರೆ, ಯಾವ ದುರಸ್ತಿಯು ಇನ್ನೂ ಬಾಕಿಯಿದೆ ಎಂಬುದು ಹಣ ಖರ್ಚಿಲ್ಲದೆ ತಿಳಿಯುತ್ತದೆ. ಬಾಕಿಯಿದ್ದರೆ ಸಂಸ್ಥೆಯ ಅಧಿಕೃತ ಮಾರಾಟಗಾರನು ಅದನ್ನು ಉಚಿತವಾಗಿ ಮಾಡಿಕೊಡಬೇಕು. ಮಾರುವವನಿಗೆ ಮುಂಗಡ ಕೊಡುವ ಮೊದಲೇ ಈ ಕೆಲಸ ಮುಗಿದಿರಲಿ. ಆಮೇಲೆ ಹಗಲಿನಲ್ಲೊಮ್ಮೆ, ಮಳೆಯಿದ್ದರೆ ಮಳೆಯಲ್ಲಿ, ಕತ್ತಲಾದ ಮೇಲೆ ಇನ್ನೊಮ್ಮೆ, ವಾಹನಗಳು ಒತ್ತಾಗಿರುವ ರಸ್ತೆಯಲ್ಲಿ ಕೊಳ್ಳುವವನು ಅದನ್ನು ಓಡಿಸಿ ನೋಡಲಿ. ಸಾಲು ಬದಲಿಸಲಿ, ಹಿಂದಕ್ಕೆ ತೆಗೆಯಲಿ, ಇಕ್ಕಟ್ಟಿನಲ್ಲಿ ನಿಲ್ಲಿಸಲಿ. ಕೊಂಡ ಮೇಲೆ, ದುರಸ್ತಿಯಾದ ಗಾಡಿಯಾದರೂ ಸರಿಯೆ, ಅದರ ಕೀಲಿಯನ್ನು ಮನೆಯ ಬೀಗದ ಕೈಗಳ ಗೊಂಚಲಿಗೆ ಸೇರಿಸದೆ ಒಂಟಿಯಾಗಿಯೇ ಇಟ್ಟುಕೊಳ್ಳಲಿ.